ಧ್ರುವಕ್ಕೆ ಹತ್ತಿರದ ಊರು ಬೆಚ್ಚಗೆ, ದೂರದ ಊರು ಮಂಜುಗಡ್ಡೆ!

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ರೇಕ್ಯಾವಿಕ್ ಮತ್ತು ಯಾಕುಟ್ಸ್ಕ್ ನಗರಗಳನ್ನು ಹೋಲಿಸುವ ಕೋಷ್ಟಕ ಹಾಕಿದ್ದಿರಿ. ಐಸ್‌ಲ್ಯಾಂಡಿನ ರೇಕ್ಯಾವಿಕ್ 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸೈಬೀರಿಯಾದ ಯಾಕುಟ್ಸ್ಕ್ 62ರಲ್ಲಿ. ಆದರೆ ಧ್ರುವಕ್ಕೆ ಹತ್ತಿರದ ಊರಿನ ಜನವರಿ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸು, ಇನ್ನೊಂದರದ್ದು ಮೈನಸ್ 37! ಅಂಕಿಗಳು ಅದಲುಬದಲಾಗಿವೆ ಅಲ್ವಾ? ಅಷ್ಟು ಚಳಿಯ ಊರಿನಲ್ಲೇ ಜನ ಜಾಸ್ತಿ ಅಂತಲೂ ಬರೆದಿದ್ದೀರಿ. ಅದೇ ಊರಿಗೆ ವರ್ಷದ ಮಳೆ 240 ಮಿ.ಮೀ. ಎಂದು ಕೊಟ್ಟು ಪಕ್ಕದಲ್ಲೇ ಕಾಡಿನ ಚಿತ್ರ ಹಾಕಿದ್ದೀರಿ. ಮಗಳ ಶಾಲೆಯ ಪ್ರಾಜೆಕ್ಟಿಗೆ ಇದು ಬೇಕು. ದಯವಿಟ್ಟು ಸರಿಪಡಿಸಿ.

ಸಂಪಾದಕರ ಉತ್ತರ:

ಅಂಕಿಗಳು ಅದಲುಬದಲಾಗಿಲ್ಲ. ಮಗಳು ಹಾಗೇ ಬರೆಯಲಿ. ಆದರೆ ಮೂರೂ ಪ್ರಶ್ನೆ ಒಳ್ಳೆಯವು. ಸುಮ್ನೆ "ಅಚ್ಚಾದದ್ದು ಸರಿಯಿದೆ" ಎಂದು ಮುಗಿಸಿದರೆ ಅನ್ಯಾಯವಾಗುತ್ತದೆ.

ಉತ್ತರಕ್ಕೆ ಹೋದಷ್ಟೂ ಚಳಿ ಎಂದು ಎಲ್ಲರೂ ಕಲಿತಿದ್ದೇವೆ. ಬಿಸಿಲಿನ ಲೆಕ್ಕ ಒಂದನ್ನೇ ನೋಡಿದರೆ ಅದು ಸರಿ. ಈ ಎರಡು ಊರುಗಳಿಗೂ ಡಿಸೆಂಬರ್ ಕೊನೆಯಲ್ಲಿ ನಾಲ್ಕೈದು ಗಂಟೆಯ ಹಗಲು, ಜೂನ್‌ನಲ್ಲಿ ಇಪ್ಪತ್ತು ಗಂಟೆಯ ಆಸುಪಾಸಿನ ಹಗಲು. ಸೂರ್ಯ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಪಾಲು ಕೊಡುತ್ತಾನೆ. ವ್ಯತ್ಯಾಸ ಬರುವುದು ಸಿಕ್ಕಿದ ಬಿಸಿಯನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎನ್ನುವುದರಲ್ಲಿ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1817ರಲ್ಲೇ ಒಂದೇ ಸರಾಸರಿ ಉಷ್ಣಾಂಶದ ಜಾಗಗಳನ್ನು ಗೆರೆ ಎಳೆದು ಜೋಡಿಸಿ ತೋರಿಸಿದ್ದರು. ಆ ಗೆರೆಗಳು ಅಕ್ಷಾಂಶದ ಗೆರೆಗಳ ಪಕ್ಕ ನೆಟ್ಟಗೆ ಹೋಗಲೇ ಇಲ್ಲ. ಯುರೋಪಿನ ಪಶ್ಚಿಮ ಕರಾವಳಿಯಲ್ಲಿ ಮೇಲಕ್ಕೆ ಹತ್ತಿದವು, ಖಂಡದ ಒಳಗೆ ಕೆಳಕ್ಕೆ ಜಾರಿದವು.

ಕಾರಣ ಸಮುದ್ರ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ಒಣ ಮಣ್ಣಿಗೆ ಬೇಕಾದದ್ದಕ್ಕಿಂತ ಸುಮಾರು ಐದು ಪಟ್ಟು ಶಾಖ ಬೇಕು. ಮೇಲಾಗಿ ಸಮುದ್ರದ ನೀರು ಕಲಕುತ್ತಾ ಆ ಶಾಖವನ್ನು ಆಳಕ್ಕೆ ಒಯ್ಯುತ್ತದೆ. ಒಲೆ ಆರಿಸಿದ ಮೇಲೆ ಹೆಂಚು ಬೇಗ ತಣ್ಣಗಾಗುತ್ತದೆ, ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ. ರೇಕ್ಯಾವಿಕ್ ಇರುವುದು ಅಟ್ಲಾಂಟಿಕ್ ಅಂಚಿನಲ್ಲಿ. ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹದ ಒಂದು ಕವಲು ಐಸ್‌ಲ್ಯಾಂಡನ್ನು ಸುತ್ತಿಕೊಂಡು ಹೋಗುತ್ತದೆ. ಗಾಳಿಯೂ ಆ ನೀರಿನ ಮೇಲಿಂದಲೇ ಬೀಸುತ್ತದೆ.

ಯಾಕುಟ್ಸ್ಕ್‌ನ ಕಥೆ ಪೂರ್ತಿ ಬೇರೆ. ಅದು ಬೆಟ್ಟದ ತುದಿಯ ಊರಲ್ಲ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಲೇನಾ ನದಿಯ ಕಣಿವೆಯಲ್ಲಿದೆ. ಪೂರ್ವದ ಸಮುದ್ರ ನೂರಾರು ಕಿಲೋಮೀಟರ್ ದೂರ, ನಡುವೆ ಬೆಟ್ಟಸಾಲು. ಪಶ್ಚಿಮದಿಂದ ಬರುವ ಗಾಳಿ ಇಡೀ ಖಂಡ ದಾಟಿ ಬರುವಷ್ಟರಲ್ಲಿ ಅಟ್ಲಾಂಟಿಕ್‌ನ ಬಿಸಿಯೆಲ್ಲ ಕಳೆದುಕೊಂಡಿರುತ್ತದೆ. ಚಳಿಗಾಲದಲ್ಲಿ ನೆಲದ ಮೇಲೆ ಹಿಮ, ಮೇಲೆ ಮೋಡವಿಲ್ಲದ ಆಕಾಶ. ಇದ್ದಬದ್ದ ಶಾಖವೆಲ್ಲ ರಾತ್ರಿ ಆಕಾಶಕ್ಕೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ಅಲ್ಲೇ ಕೂತುಬಿಡುತ್ತದೆ, ವಾರಗಟ್ಟಲೆ ಅಲುಗಾಡುವುದಿಲ್ಲ.

ಈಗ ನಮ್ಮ ಕೋಷ್ಟಕದ ಜುಲೈ ಸಾಲು ನೋಡಿ. ಯಾಕುಟ್ಸ್ಕ್ ಸುಮಾರು 20 ಡಿಗ್ರಿ, ರೇಕ್ಯಾವಿಕ್ ಸುಮಾರು 12. ಬೇಸಗೆಯಲ್ಲಿ ಆಟ ತಿರುಗಿತು! ಬೇಗ ಆರುವ ನೆಲ ಬೇಗ ಕಾಯಲೂ ಬೇಕಲ್ಲ. ವರ್ಷದ ಸರಾಸರಿ ನೋಡಿದವರಿಗೆ ಇದು ಕಾಣುವುದೇ ಇಲ್ಲ. ರೇಕ್ಯಾವಿಕ್‌ಗೆ 5, ಯಾಕುಟ್ಸ್ಕ್‌ಗೆ ಮೈನಸ್ 8ರ ಸುತ್ತಮುತ್ತ, ಅಷ್ಟೇ. ಯಾಕುಟ್ಸ್ಕ್‌ನಲ್ಲಿ ಜನವರಿಗೂ ಜುಲೈಗೂ 57 ಡಿಗ್ರಿ ಅಂತರ, ರೇಕ್ಯಾವಿಕ್‌ನಲ್ಲಿ 12ರ ಹತ್ತಿರ. ನನ್ನನ್ನು ಕೇಳಿದರೆ ಹವಾಮಾನ ಹೋಲಿಸುವ ಯಾವ ಕೋಷ್ಟಕದಲ್ಲೂ ಮೊದಲು ಬರೆಯಬೇಕಾದ ಅಂಕಿ ಈ ಅಂತರವೇ. ಯಾಕುಟ್ಸ್ಕ್ ರಾಜಧಾನಿಯಾಗಿರುವ ರಷ್ಯಾದ ಸಾಖಾ ಗಣರಾಜ್ಯದಲ್ಲೇ, ಇನ್ನೂ ಉತ್ತರಕ್ಕೆ, ವೆರ್ಖೋಯಾನ್ಸ್ಕ್ ಎಂಬ ಪುಟ್ಟ ಊರಿದೆ. 1892ರಲ್ಲಿ ಅಲ್ಲಿ ಮೈನಸ್ 67.8 ದಾಖಲಾಗಿತ್ತು. 2020ರ ಜೂನ್ 20ರಂದು ಅದೇ ಊರಿನಲ್ಲಿ 38 ಡಿಗ್ರಿ ಸೆಕೆ. ಒಂದೇ ಊರು, ನೂರು ಡಿಗ್ರಿಗೂ ಮೀರಿದ ಅಂತರ.

ಕಾಡಿನ ಪ್ರಶ್ನೆಗೆ ಉತ್ತರ ನೆಲದ ಒಳಗಿದೆ. ವರ್ಷಕ್ಕೆ 240 ಮಿ.ಮೀ. ಎಂದರೆ ಹೆಚ್ಚುಕಡಿಮೆ ಮರುಭೂಮಿಯ ಮಳೆಯಷ್ಟೇ. ರೇಕ್ಯಾವಿಕ್‌ಗೆ ಬೀಳುವುದು ಅದರ ಮೂರು ಪಟ್ಟಿಗಿಂತ ಜಾಸ್ತಿ. ಆದರೂ ದಟ್ಟ ಕಾಡಿರುವುದು ಯಾಕುಟ್ಸ್ಕ್ ಸುತ್ತ. ಅಲ್ಲಿನ ನೆಲ ನೂರಾರು ಮೀಟರ್ ಆಳದವರೆಗೆ ಸದಾ ಹೆಪ್ಪುಗಟ್ಟಿಯೇ ಇರುತ್ತದೆ. ಫ್ಯೋದೊರ್ ಶೆರ್ಗಿನ್ ಎಂಬ ವರ್ತಕರೊಬ್ಬರು 1828ರಲ್ಲಿ ಅಲ್ಲಿ ಬಾವಿ ತೋಡಿಸಲು ಶುರು ಮಾಡಿದರು. 116 ಮೀಟರ್ ತೋಡಿದರೂ ನೀರು ಸಿಗಲಿಲ್ಲ, ಹೆಪ್ಪುಗಟ್ಟಿದ ಮಣ್ಣೇ ಸಿಕ್ಕಿತು. ಪಾಪ, ಅವರ ಲೆಕ್ಕದಲ್ಲಿ ದುಡ್ಡು ದಂಡ. ಆದರೆ ಮುಂದೆ ಆ ಗುಂಡಿಯಲ್ಲೇ ನೆಲದಾಳದ ಉಷ್ಣಾಂಶ ಅಳೆದರು, ವಿಜ್ಞಾನಕ್ಕೆ ಲಾಭವಾಯಿತು. ಬೇಸಗೆಯಲ್ಲಿ ಈ ನೆಲದ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ. ಬಿದ್ದ ಅಲ್ಪ ನೀರು ಕೆಳಗೆ ಇಂಗಲು ದಾರಿಯಿಲ್ಲ, ಬೇರಿಗೆ ಸಿಗುತ್ತದೆ. ಮರಕ್ಕೆ ಬೇಕಾದ ಬೇಸಗೆಯ ಬಿಸಿಯೂ ಅಲ್ಲಿದೆ. ಹಾಗಾಗಿ ಲಾರ್ಚ್ ಮರಗಳು ಕಿಲೋಮೀಟರ್‌ಗಟ್ಟಲೆ ಹಬ್ಬಿವೆ. ಐಸ್‌ಲ್ಯಾಂಡಿನ ತಣ್ಣನೆಯ ಬೇಸಗೆ ಮರಗಳಿಗೆ ಅಷ್ಟು ಹಿತವಲ್ಲ. ಇದ್ದ ಬರ್ಚ್ ಕಾಡನ್ನು ಅಲ್ಲಿ ನೆಲೆಸಿದ ಜನ ಕಡಿದರು, ಕುರಿಗಳು ಮೇಯ್ದವು. ಅದನ್ನು ಹವಾಮಾನದ ಲೆಕ್ಕಕ್ಕೆ ಹಾಕುವಂತಿಲ್ಲ.

ಇನ್ನು ಜನಸಂಖ್ಯೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಗೆರೆ ಎಲ್ಲಿ ಎಳೆದಿರಿ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. 2021ರ ಜನಗಣತಿಯಲ್ಲಿ ಯಾಕುಟ್ಸ್ಕ್ ನಗರದಲ್ಲಿ ಸುಮಾರು 3.55 ಲಕ್ಷ ಜನ. ರೇಕ್ಯಾವಿಕ್ ನಗರಸಭೆಯ ಗಡಿಯೊಳಗೆ ಸುಮಾರು 1.4 ಲಕ್ಷ. ಚಳಿಯ ಊರೇ ದೊಡ್ಡದು. ಆದರೆ ಸುತ್ತಲಿನ ನಾಡನ್ನೂ ಸೇರಿಸಿ. ಸಾಖಾ ಗಣರಾಜ್ಯದ ವಿಸ್ತೀರ್ಣ 30 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ, ಅಲ್ಲಿರುವವರು ಸುಮಾರು 10 ಲಕ್ಷ ಜನ. ಮೂರು ಚದರ ಕಿ.ಮೀ.ಗೆ ಒಬ್ಬರು! ಐಸ್‌ಲ್ಯಾಂಡಿನ ವಿಸ್ತೀರ್ಣ 1.03 ಲಕ್ಷ ಚದರ ಕಿ.ಮೀ., ಜನ ಹತ್ತಿರಹತ್ತಿರ 4 ಲಕ್ಷ. ಒಂದು ಚದರ ಕಿ.ಮೀ.ಗೆ ನಾಲ್ಕರ ಹತ್ತಿರ. ಅಂದರೆ ಐಸ್‌ಲ್ಯಾಂಡ್ ಹತ್ತು ಪಟ್ಟು ದಟ್ಟ. ಈ ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಮೂವರು ಐಸ್‌ಲ್ಯಾಂಡಿಗರಲ್ಲಿ ಇಬ್ಬರು ರೇಕ್ಯಾವಿಕ್ ಮತ್ತು ಅದರ ಸುತ್ತಲೇ ಇದ್ದಾರೆ, ದ್ವೀಪದ ನಡುಭಾಗದಲ್ಲಿ ಊರೇ ಇಲ್ಲ.

ಅಷ್ಟು ಚಳಿಯಿದ್ದರೂ ಜನ ಅಲ್ಲಿ ಜಾಸ್ತಿ ಹೇಗೆ ಎಂಬುದು ನಿಮ್ಮ ಅನುಮಾನ. ನನಗೆ ಕಾಣುವಂತೆ, ಜನ ಎಷ್ಟಿರಬೇಕು ಎಂದು ಹವಾಮಾನ ಒಂದೇ ತೀರ್ಮಾನಿಸುವುದಿಲ್ಲ. ಐಸ್‌ಲ್ಯಾಂಡ್ 1703ರಲ್ಲೇ ಇಡೀ ದೇಶದ ಜನರನ್ನು ಹೆಸರು ಸಮೇತ ಎಣಿಸಿತ್ತು. ಸಿಕ್ಕವರು 50,358. ಲಾಕಿ ಜ್ವಾಲಾಮುಖಿ 1783ರಲ್ಲಿ ಸಿಡಿದು ದನಕುರಿ ಸತ್ತು, ಬರ ಬಂತು. 1801ರ ಎಣಿಕೆಯಲ್ಲಿ ಉಳಿದವರು ಸುಮಾರು 47 ಸಾವಿರ. ನೂರು ವರ್ಷ ಕಳೆದರೂ ಜನ ಹೆಚ್ಚಿರಲಿಲ್ಲ. ಆಮೇಲೆ ಅದೇ ಗಾಳಿ, ಅದೇ ಮಳೆಯ ನಡುವೆ ಎಂಟು ಪಟ್ಟಾದರು. ಮೋಟಾರು ದೋಣಿ ಬಂತು, ಮೀನು ಮಾರಿದರು, ನೆಲದಡಿಯ ಬಿಸಿನೀರನ್ನು ಮನೆಗಳಿಗೆ ಹರಿಸಿದರು.

ಯಾಕುಟ್ಸ್ಕ್ ಇನ್ನೂ ವಿಚಿತ್ರ. 1632ರಲ್ಲಿ ರಷ್ಯನ್ನರು ಕೋಟೆ ಕಟ್ಟುವ ಮೊದಲೇ ಸಾಖಾ ಜನ ಕುದುರೆ, ದನ ಸಾಕಿಕೊಂಡು ಆ ಕಡೆ ನೆಲೆಸಿದ್ದರು. 1950ರ ದಶಕದಲ್ಲಿ ವಜ್ರ ಸಿಕ್ಕಿತು, ಗಣಿಗಳಿಗೆ ಹೊರಗಿನಿಂದ ಜನ ಬಂದರು. ಸೋವಿಯತ್ ಒಕ್ಕೂಟ ಮುರಿದ ಮೇಲೆ ಅವರಲ್ಲಿ ಬಹಳಷ್ಟು ಮಂದಿ ವಾಪಸು ಹೋದರು. 1989ರಲ್ಲಿ ಗಣರಾಜ್ಯದ ಜನ 10.9 ಲಕ್ಷ, 2002ರಲ್ಲಿ 9.5 ಲಕ್ಷ. ಆದರೆ 1989ರಲ್ಲಿ ಎರಡು ಲಕ್ಷವೂ ಇರದ ಯಾಕುಟ್ಸ್ಕ್ ನಗರ ಬೆಳೆಯುತ್ತಲೇ ಹೋಯಿತು. ಹಳ್ಳಿಗಳಿಂದ ಓದು, ಕೆಲಸ, ಆಸ್ಪತ್ರೆ ಹುಡುಕಿಕೊಂಡು ಜನ ಬಂದರು. ಕಟ್ಟಡದ ಬಿಸಿಗೆ ನೆಲ ಕರಗಿ ಕುಸಿಯಬಾರದೆಂದು ಅಲ್ಲಿ ಕಂಬಗಳ ಮೇಲೆ ಮನೆ ಕಟ್ಟುತ್ತಾರೆ, ನೀರಿನ ಕೊಳವೆಗಳನ್ನು ನೆಲದ ಮೇಲೆಯೇ ಒಯ್ಯುತ್ತಾರೆ. ಅಷ್ಟು ಖರ್ಚು ಮಾಡಿಯೂ ಇರಲು ಕಾರಣವಿದ್ದರೆ ಜನ ಇರುತ್ತಾರೆ.

ಮಗಳ ಪ್ರಾಜೆಕ್ಟಿನ ಬಗ್ಗೆ ಒಂದು ಮಾತು. ನಾವು ಕೊಟ್ಟ ಕೋಷ್ಟಕಕ್ಕೆ ಅವಳೇ ಎರಡು ಸಾಲು ಸೇರಿಸಲಿ: ಜನವರಿ-ಜುಲೈ ಅಂತರ, ಸಮುದ್ರಕ್ಕೆ ಇರುವ ದೂರ. ಉಷ್ಣಾಂಶದ ಸರಾಸರಿ ಯಾವ 30 ವರ್ಷಗಳದ್ದು ಎಂದು ಕೆಳಗೆ ಬರೆಯಲಿ. 1991ರಿಂದ 2020ರವರೆಗಿನದನ್ನು 1961ರಿಂದ 1990ರವರೆಗಿನದರ ಪಕ್ಕ ಇಟ್ಟರೆ ಹೋಲಿಕೆ ಕೆಡುತ್ತದೆ. ಜನಸಂಖ್ಯೆಯ ಮುಂದೆ ಇಸವಿ ಇರಲಿ, ನಗರದ ಲೆಕ್ಕವೋ ನಾಡಿನ ಲೆಕ್ಕವೋ ಎಂಬುದೂ ಇರಲಿ. ಶಿಕ್ಷಕರು ನಿಮ್ಮ ಹಾಗೆ "ಅಂಕಿ ಅದಲುಬದಲಾಗಿದೆ" ಎಂದರೆ, ಜುಲೈ ಸಾಲು ತೋರಿಸಲು ಹೇಳಿ.