ಆಲೂಗೆಡ್ಡೆಗೆ ಯಾರ ಮಾತು ಕೇಳಬೇಕು: ಊರವರದೋ, ಕೃಷಿ ವಿಜ್ಞಾನ ಕೇಂದ್ರದವರದೋ?

ಬೆಂಗಳೂರಿನ ಕೆಲಸ ಬಿಟ್ಟು ಹಾಸನದ ಹತ್ತಿರ ಆಲೂಗೆಡ್ಡೆ ಹಾಕುತ್ತೇನೆ, ಯಾರ ಮಾತು ನಂಬಲಿ ಅಂತ ಕೇಳಿದ್ದೀರಿ. ಇಬ್ಬರದೂ ಕೇಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸವನ್ನೂ ನೀವೇ ಮಾಡಿ.

ಮೊದಲ ವರ್ಷ ರೋಹಿಣಿ ಮಳೆಗೆ ಬೆಳಿಗ್ಗೆ ಬಿತ್ತನೆ ಗೆಡ್ಡೆ ಕತ್ತರಿಸಿ, ಮಧ್ಯಾಹ್ನವೇ ನೆಟ್ಟೆ. ಮಾರನೇ ದಿನ ಜೋರು ಮಳೆ. ಅರ್ಧ ಸಾಲು ಮೇಲೇಳಲೇ ಇಲ್ಲ. ಬೀಜ ಕೊಟ್ಟವನನ್ನು ಬೈದುಕೊಂಡು ಓಡಾಡಿದೆ. ಪಕ್ಕದ ಹೊಲದ ಅಜ್ಜ ಬಂದು ಒಂದು ಹೋಳು ಕೆದಕಿ, ಮೂಸಿ, "ಕೊಯ್ದ ದಿನವೇ ನೆಟ್ಟೆ ಅಲ್ವಾ?" ಅಂದರು. ಅವರು ಹೋಳುಗಳನ್ನು ನೆರಳಲ್ಲಿ ಗೋಣಿಚೀಲದ ಮೇಲೆ ಹರಡಿ, ಕೊಯ್ದ ಮುಖ ಒಣಗಿದ ಮೇಲೆ ನೆಡುತ್ತಾರಂತೆ. ಮೊದಲೇ ಹೇಳಬಾರದಿತ್ತಾ ಅಂದರೆ, "ನೀನು ಕೇಳಲಿಲ್ಲವಲ್ಲ!"

ಇದನ್ನೇ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹೇಳಿದೆ. ಅಜ್ಜ ಹೇಳಿದ್ದು ಸರಿ, ಜೊತೆಗೆ ಹೋಳುಗಳನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ಚಾಕುವನ್ನೂ ಆಗಾಗ ಔಷಧಿ ನೀರಲ್ಲಿ ಅದ್ದಿ ಅಂದರು. ಕೊಳೆತ ಒಂದು ಗೆಡ್ಡೆ ಕೊಯ್ದರೆ ರೋಗ ಚಾಕುವಿನಿಂದಲೇ ಉಳಿದವಕ್ಕೆ ಹೋಗುತ್ತದೆ. ಚಾಕುವಿನ ವಿಷಯ ಅಜ್ಜನಿಗೂ ಗೊತ್ತಿರಲಿಲ್ಲ. ಮರುವರ್ಷ ಅವರ ಗೆಡ್ಡೆ ರಾಶಿಯ ಪಕ್ಕ ಒಂದು ಬಕೆಟ್ ಇತ್ತು.

ಎಲೆ, ಕಾಂಡ ಕೊಳೆಸುವ ಅಂಗಮಾರಿ ರೋಗದ್ದು ಇನ್ನೊಂದು ಕಥೆ. ನಮ್ಮಲ್ಲಿ ಜಾಸ್ತಿ ಹಾಕುವುದು ಕುಫ್ರಿ ಜ್ಯೋತಿ, 1968ರ ತಳಿ. ಆಗ ಅದು ಈ ರೋಗ ತಡೆಯುತ್ತಿತ್ತು, ಈಗ ಇಲ್ಲ. ಜುಲೈನ ಜಿಟಿಜಿಟಿ ಮಳೆಗೆ, ಮೋಡ ಮುಚ್ಚಿದ ತಂಪಿಗೆ, ಗಾಳಿಯಲ್ಲಿ ಒಂದು ಹೊಲದಿಂದ ಇನ್ನೊಂದಕ್ಕೆ ಹಾರುತ್ತದೆ. ಮ್ಯಾಂಕೋಜೆಬ್ ಅನ್ನು ರೋಗ ಬರುವ ಮೊದಲು ಹೊಡೆಯಬೇಕು, ಎಲೆ ಕರಗಿದ ಮೇಲೆ ಸುಮ್ನೆ ದುಡ್ಡು ದಂಡ. ಹಾಗಾಗಿ ಯಾರದೋ ಹೊಲದಲ್ಲಿ ಚುಕ್ಕೆ ಕಂಡ ಸುದ್ದಿ ಒಂದು ದಿನ ಮೊದಲು ಸಿಕ್ಕರೆ ನಿಮ್ಮ ಬೆಳೆ ಉಳಿಯಬಹುದು. ನಮ್ಮ ಜನ ಇದನ್ನು ಮುಚ್ಚಿಡುತ್ತಾರೆ, ನಾಚಿಕೆಗೋ ಏನೋ. ನಾನೂ ಒಮ್ಮೆ ಮುಚ್ಚಿಟ್ಟಿದ್ದೆ. ಅಜ್ಜ ಒಂದು ವಾರ ಮಾತಾಡಿಸಲಿಲ್ಲ.

ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆಯ ಬದಲು, ಗಿಡದ ಕುಡಿ ಕತ್ತರಿಸಿ ಟ್ರೇಯಲ್ಲಿ ಬೇರು ಬರಿಸಿದ ಕಟಿಂಗ್ ಸಸಿಯಿಂದ ಬೀಜ ಮಾಡಿಕೊಳ್ಳುವುದನ್ನೂ ನೋಡಿ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಮುಂದೆ ಬೆಳೆಗೆ ಏನಾದರೂ ಆದಾಗ ಫೋಟೋ ಸಾಲದು, ಗಿಡವನ್ನೇ ಬೇರು ಸಮೇತ ಒಯ್ಯಿರಿ.

ಅದಕ್ಕೂ ಮೊದಲು, ಬಿತ್ತನೆ ದಿನ ಪಕ್ಕದವರ ಹೊಲಕ್ಕೆ ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಅನ್ನೋ ಲೆಕ್ಕದಲ್ಲಿ, ಹೋಗಿ. ಕೇಳಲು ಗೊತ್ತಾಗದ್ದು ಅಲ್ಲಿ ಕಣ್ಣಿಗೆ ಬೀಳುತ್ತದೆ.