ಸೌರ, ಪವನ ವಿದ್ಯುತ್ ಹೆಚ್ಚಿದಂತೆಲ್ಲ ಹೊಸ ಲೈನ್ ಎಳೆಯಲೇಬೇಕೇ? ಖರ್ಚು ತಗ್ಗಿಸುವ ದಾರಿ ಇಲ್ಲವೇ?

ಚನ್ನರಾಯಪಟ್ಟಣದ ಬಳಿ ನಿಮ್ಮ ತೋಟದ ಮೇಲೆ ಲೈನ್ ಬರಲಿದೆ ಎಂಬ ಆತಂಕದಿಂದ ಕೇಳಿದ್ದೀರಿ. ಪ್ರಸರಣ ಮಾರ್ಗಗಳ ಯೋಜನೆಯಲ್ಲಿ ಹಲವು ವರ್ಷ ದುಡಿದಿದ್ದೇನೆ. ಮನೆ ಅರಸೀಕೆರೆಯ ಹತ್ತಿರ, ನಮ್ಮದೂ ತೆಂಗಿನ ತೋಟ. ಹೊಸ ಲೈನ್ ಬೇಕಾದ ಕಡೆ ಬೇಕೇ ಬೇಕು. ಆದರೆ ನೂರು ಮೆಗಾವ್ಯಾಟ್ ಘಟಕಕ್ಕೆ ನೂರು ಮೆಗಾವ್ಯಾಟ್ ಹೊರುವ ಪ್ರತ್ಯೇಕ ಲೈನೇ ಆಗಬೇಕೆಂದು ಹೊರಟರೆ ದುಡ್ಡು ಕೈಮೀರುತ್ತದೆ.

ಸೌರ ಘಟಕ ಪೂರ್ಣ ಶಕ್ತಿಯಲ್ಲಿ ಉತ್ಪಾದಿಸುವುದು ನಡುಹಗಲಿನ ಕೆಲವೇ ಗಂಟೆ. ಸಂಜೆಯಾದರೆ ಲೈನ್ ಖಾಲಿ. ನಮ್ಮ ರಾಜ್ಯದ ಗಾಳಿಯ ಸ್ವಭಾವ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಸೌರ ಫಲಕಗಳು ಸೊರಗುವ ಕಾಲದಲ್ಲೇ, ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ರಾತ್ರಿಯೂ ತಿರುಗುತ್ತವೆ. ಹಾಗಾಗಿ ನೂರು ಮೆಗಾವ್ಯಾಟ್ ಲೈನಿಗೆ ನೂರು ಸೌರದ ಜೊತೆ ಐವತ್ತು ಪವನವನ್ನೂ ಜೋಡಿಸಬಹುದು. ಎರಡೂ ಒಟ್ಟಿಗೆ ಉಕ್ಕಿದ ದಿನ ಲೈನಿಗೆ ಹಿಡಿಯದ ಒಂದಿಷ್ಟು ಯೂನಿಟ್ ಉತ್ಪಾದಿಸದೆ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡೋಣ. ಅಷ್ಟಕ್ಕಾಗಿ ಎರಡನೇ ಲೈನ್ ಎಳೆಯುವುದು, ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ನೆಂಟರಿಗೆಂದು ಇನ್ನೊಂದು ಮನೆ ಕಟ್ಟಿಸಿದ ಹಾಗೆ.

ಇನ್ನು ಜಾಗ. 220 ಕೆ.ವಿ. (ಕಿಲೋವೋಲ್ಟ್) ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿ ಬೇಕು. ಕಿಲೋಮೀಟರಿಗೆ ಎಂಟೂವರೆ ಎಕರೆಗೂ ಹೆಚ್ಚು. ಅದರಡಿ ತೆಂಗು ಉಳಿಯುವುದಿಲ್ಲ, ಸಕಲೇಶಪುರದ ಕಡೆ ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಕೂಡ ಉಳಿಯುವುದಿಲ್ಲ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಒಳ್ಳೆಯ ಫಸಲಿನ ಹದಿನಾರು ಮರ ಹೀಗೆಯೇ ಹೋದವು. ಈ ನಷ್ಟವನ್ನೂ ತಕರಾರಿನಲ್ಲಿ ಕಳೆಯುವ ವರ್ಷಗಳನ್ನೂ ಲೈನಿನ ಬೆಲೆಗೆ ಸೇರಿಸಿಯೇ ಬೇರೆ ದಾರಿಗಳೊಂದಿಗೆ ಹೋಲಿಕೆ ಮಾಡಬೇಕೆಂದು ಸಭೆಗಳಲ್ಲಿ ವಾದಿಸಿದ್ದೇನೆ, ಈಗಲೂ ವಾದಿಸುತ್ತೇನೆ.

ಇರುವ ಗೋಪುರಗಳಲ್ಲೇ ಹಳೆಯ ತಂತಿ ಇಳಿಸಿ, ಬಿಸಿಯಾದರೂ ಹೆಚ್ಚು ಜೋತುಬೀಳದ ಹೊಸ ಬಗೆಯ ತಂತಿ ಹಾಕಿದರೆ ಸುಮಾರು ಎರಡರಷ್ಟು ಕರೆಂಟ್ ಹರಿಸಬಹುದು. ಆದರೆ ಕರೆಂಟ್ ಎರಡರಷ್ಟಾದಾಗ ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ ನಾಲ್ಕರಷ್ಟಾಗುತ್ತದೆ. ದಿನವಿಡೀ ತುಂಬಿ ಹರಿಯುವ ಉದ್ದನೆಯ ಮಾರ್ಗಕ್ಕೆ ಇದು ಹೊಂದದು. ಮಧ್ಯಾಹ್ನ ಮೂರು ಗಂಟೆ ಮಾತ್ರ ಇಕ್ಕಟ್ಟಾಗುವ ಮಾರ್ಗಕ್ಕೆ ಹೇಳಿ ಮಾಡಿಸಿದ್ದು.

ಪಾವಗಡದಂತಹ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ 400 ಕೆ.ವಿ. ಮಾರ್ಗ ಇಲ್ಲದೆ ಆಗುವುದಿಲ್ಲ. ಅದರ ಕೆಲಸ ಫಲಕಗಳಿಗಿಂತ ಮೊದಲೇ ಶುರುವಾಗಬೇಕು, ಏಕೆಂದರೆ ಲೈನಿಗೇ ಹೆಚ್ಚು ಕಾಲ ಹಿಡಿಯುತ್ತದೆ. ನಮ್ಮ ಜಿಲ್ಲೆಯ ಬಯಲುಸೀಮೆಗೆ ನನಗೆ ಕಾಣುವ ದಾರಿ ಬೇರೆ. ಇಲ್ಲಿ ಕೊಳವೆಬಾವಿಯ ಪಂಪ್‌ಸೆಟ್‌ಗಳ ಹೊರೆ ದೊಡ್ಡದು. ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ-ಕುಸುಮ್ ಯೋಜನೆಯಂತೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ, ಪಂಪ್‌ಸೆಟ್‌ಗೆ ಬೇಕಾದ ತ್ರೀ ಫೇಸ್ ವಿದ್ಯುತ್ತಿನ ಸರದಿಯನ್ನು ಹಗಲಿಗೆ ತಂದರೆ ಆ ವಿದ್ಯುತ್ ಸಬ್‌ಸ್ಟೇಷನ್‌ನಿಂದ ಹಳ್ಳಿಗಳಿಗೆ ಹೋಗುವ 11 ಕೆ.ವಿ. ಫೀಡರಿನಲ್ಲೇ ಖರ್ಚಾಗುತ್ತದೆ, ದೊಡ್ಡ ಲೈನ್ ಹತ್ತುವುದೇ ಇಲ್ಲ. ನಡುರಾತ್ರಿ ಟಾರ್ಚ್ ಹಿಡಿದು, ಹಾವು ಚಿರತೆಗೆ ಅಂಜುತ್ತ ಮೋಟಾರ್ ಹಾಕಲು ಹೋಗುವ ಕಷ್ಟವೂ ತಪ್ಪುತ್ತದೆ. ನನಗೆ ಇದು ಲೆಕ್ಕಕ್ಕಿಂತ ದೊಡ್ಡ ಕಾರಣ.

ನೀವು ಮಾಹಿತಿ ಹಕ್ಕಿನಡಿ ಒಂದು ವಿಷಯ ಕೇಳಿ: ಈಗಿರುವ ಲೈನ್ ಮತ್ತು ಸಬ್‌ಸ್ಟೇಷನ್ ಟ್ರಾನ್ಸ್‌ಫಾರ್ಮರ್ ಮೇಲೆ ಕಳೆದ ವರ್ಷ ಗಂಟೆಗಂಟೆಗೆ ಬಿದ್ದ ಹೊರೆ ಎಷ್ಟು? ವರ್ಷದ 8,760 ಗಂಟೆಗಳಲ್ಲಿ ಇಕ್ಕಟ್ಟಾದದ್ದು ಇನ್ನೂರು ಮುನ್ನೂರು ಗಂಟೆ ಮಾತ್ರ ಎಂದಾದರೆ, ಆ ಕಾಗದವನ್ನು ಹಿಡಿದುಕೊಂಡೇ ಅಹವಾಲು ಸಭೆಗೆ ಹೋಗಿ.