ರಸೀದಿ ಇಲ್ಲದ ಚಂದಾ

ಪ್ರಶ್ನೆ: ಆಕಾಶವಾಣಿ, ದೂರದರ್ಶನಕ್ಕೆ ನಾವೇನೂ ದುಡ್ಡು ಕೊಡುವುದಿಲ್ಲ. ಹಾಗಿದ್ದ ಮೇಲೆ ಇಂಥ ಕಾರ್ಯಕ್ರಮ ಬೇಕು ಎಂದು ಕೇಳುವ ಹಕ್ಕು ನಮಗಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಡುತ್ತಿದ್ದೀರಿ ಸ್ವಾಮಿ, ರಸೀದಿ ಸಿಗುತ್ತಿಲ್ಲ ಅಷ್ಟೇ! ನಮ್ಮಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಿ, ಠಸ್ಸೆ ಹಾಕಿಸಿಕೊಂಡು ಬರುತ್ತಿದ್ದರು. ಮನೆಯ ಪತ್ರಗಳಷ್ಟೇ ಜೋಪಾನವಾಗಿ ಅದು ಕಬ್ಬಿಣದ ಟ್ರಂಕಿನಲ್ಲಿರುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಶುಲ್ಕ ರದ್ದಾಯಿತು. 1997ರಲ್ಲಿ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ಎಂಬ ಸಂಸ್ಥೆ ಬಂತು; ಹೆಸರಿಗೆ ಸ್ವಾಯತ್ತ. ಜಾಹೀರಾತಿನ ಗಳಿಕೆ ಸಾಲದು, ಸಿಬ್ಬಂದಿಯ ಸಂಬಳಕ್ಕೆ ಕೇಂದ್ರದ ಅನುದಾನವೇ ಆಧಾರ. ಅಂದರೆ ನೀವು ಸೋಪು ಕೊಂಡಾಗ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಬ್ರಿಟನ್ನಿನಲ್ಲಿ ಟಿವಿ ನೋಡುವ ಮನೆಯವರು ಬಿಬಿಸಿಗಾಗಿ ಈಗಲೂ ನೇರವಾಗಿ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ, ಹಾಗಾಗಿ ಅವರ ದನಿ ಜೋರು.

ನೀವೂ ಕೇಳಿ. ಸಿನಿಮಾ ಹಾಡು ಹಾಕಲು ಖಾಸಗಿ ಎಫ್‌ಎಂಗಳು ಬೇಕಾದಷ್ಟಿವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕೆಂದು ಅವು ಹೇಳುತ್ತವೆಯೇ? ಅದನ್ನು ನಿಮ್ಮೂರಿನ ಮಾತಿನಲ್ಲೇ ಹೇಳಿ ಎಂದು ನಿಲಯಕ್ಕೊಂದು ಕಾರ್ಡು ಬರೆಯಿರಿ.